ಮೂವತ್ತೊಂದನೇ ಗುರುತು

ಬೆಳಿಗ್ಗೆ ಆರಕ್ಕೆ ಇನ್ನೂ ಐದು ನಿಮಿಷ. ಸಿದ್ಧ ಉಡುಪಿನ ಕಾರ್ಖಾನೆಯ ಕಾವಲುಗಾರ ಕಣ್ಣುಜ್ಜಿಕೊಂಡು ಗೇಟು ತೆಗೆಯುವಷ್ಟರಲ್ಲಿ ಈಕೆ ಸರಸರನೆ ಒಳಗೆ. ಹೆಗಲಿಗೆ ಕಡತದ ಚೀಲ, ಕೈಯಲ್ಲಿ ಟಾರ್ಚು. ಸುರಕ್ಷತೆಯ ಕಾಗದಪತ್ರ ನೋಡಿ ಸಹಿ ಹಾಕುವುದು ಇವರ ಕೆಲಸ. ನೌಕರಿಯಲ್ಲ, ತಪಾಸಣಾ ಸಂಸ್ಥೆಯೊಂದರಿಂದ ಉಪಗುತ್ತಿಗೆ ಹಿಡಿದು ಒಬ್ಬರೇ ಮಾಡುತ್ತಾರೆ.

ಕಾರ್ಮಿಕರ ಬಾಯಲ್ಲಿ ಇವರು 'ಅನುಮಾನದಕ್ಕ'. ಹೆಸರು ಸುಮ್ಮನೆ ಬಂದಿಲ್ಲ. ದಿನಕ್ಕೆ ಎರಡು ಕಾರ್ಖಾನೆ, ಹದಿನಾಲ್ಕು ದಾಖಲೆ ಪುಸ್ತಕ. ಒಂದನ್ನೂ ನಂಬುವುದಿಲ್ಲ. "ಗ್ಯಾಸ್ ಆಫ್ ಮಾಡಿದೀನಿ ಕಣೇ ಅಂದ್ರೂ ಎದ್ದು ಹೋಗಿ ನೋಡ್ಕೊಂಡೇ ಬರ್ತಾಳೆ. ಮೂವತ್ತು ವರ್ಷ ಸಂಸಾರ ಮಾಡಿದ್ದಕ್ಕೆ ಇಷ್ಟೇ ನಂಬಿಕೆ!" ಎಂದು ಗಂಡ ನಗುತ್ತಾರೆ.

ಈಕೆ ನಗುವುದಿಲ್ಲ. ಹಿಂದೆ ಬೇರೊಂದು ಕಡೆ ಗುಮಾಸ್ತೆಯಾಗಿದ್ದಾಗ ಏಣಿಯನ್ನು ನೋಡದೆಯೇ 'ಸುಸ್ಥಿತಿ' ಎಂದು ಗೀಚಿದ್ದರು. ಅದರಿಂದ ಬಿದ್ದವನು ಇಂದಿಗೂ ಕುಂಟುತ್ತಾನೆ. "ಸಿಕ್ಕಾಗೆಲ್ಲ 'ಚೆನ್ನಾಗಿದೀರಾ ಅಕ್ಕ' ಅಂತಾನೆ. ಅವನು ಬೈದಿದ್ರೇ ವಾಸಿಯಿತ್ತು."

ಇವತ್ತು ಕೈಗೆ ಬಂದದ್ದು ಹಿಂಬಾಗಿಲಿನ ಪುಸ್ತಕ. ಬೆಂಕಿ ಬಿದ್ದರೆ ಇನ್ನೂರು ಹೆಂಗಸರು ಓಡಬೇಕಾದ ಬಾಗಿಲು ಅದು. ದಿನವೂ ತೆಗೆದು ನೋಡಿದ್ದಾಗಿ ಸಾಲಾಗಿ ಗುರುತು ಹಾಕಿದ್ದಾರೆ. ಮೂವತ್ತೇ ದಿನದ ತಿಂಗಳಿಗೆ ಮೂವತ್ತೊಂದು ಗುರುತು!

"ಈ ಮೂವತ್ತೊಂದನೇ ತಾರೀಖು ಎಲ್ಲಿಂದ ತಂದ್ರಿ ಸಾರ್?"

ಮ್ಯಾನೇಜರು ತಲೆ ಕೆರೆದುಕೊಳ್ಳುತ್ತಾರೆ. "ಏನೋ ಕೈತಪ್ಪು ಮೇಡಂ, ಸಹಿ ಹಾಕ್ಬಿಡಿ. ಇಲ್ಲಾಂದ್ರೆ ನಿಮ್ಮ ಸಂಸ್ಥೆಗೆ ಫೋನ್ ಮಾಡಿ ಬೇರೆಯವರನ್ನ ಕಳಿಸಿ ಅಂತೀನಿ."

ಈಕೆಯ ಮುಖ ಬಾಡುತ್ತದೆ. ಈ ಕಾರ್ಖಾನೆ ಕೈಬಿಟ್ಟರೆ ಅರ್ಧ ಕೆಲಸ ಹೋದಂತೆ. ಭಯ ಇದ್ದೇ ಇದೆ. ಆದರೂ ಪೆನ್ನನ್ನು ಚೀಲಕ್ಕೆ ಹಾಕಿ ನೇರ ಹಿಂಬಾಗಿಲಿಗೆ ನಡೆಯುತ್ತಾರೆ. ಅಲ್ಲಿ ಆಳೆತ್ತರಕ್ಕೆ ಪೇರಿಸಿದ ಬಟ್ಟೆ ಮೂಟೆಗಳು, ಸಂದಿಯಲ್ಲಿ ಟಾರ್ಚು ಬಿಟ್ಟರೆ ಹಿಂದೆ ತುಕ್ಕು ಹಿಡಿದ ಬೀಗ. ಬೀಗದ ಕೈ ಯಾರ ಹತ್ತಿರ ಇದೆಯೋ ಯಾರಿಗೂ ಗೊತ್ತಿಲ್ಲ.

"ಮಾಡಿ ಫೋನು. ಬೀಗ ಒಡೆಯೋತನಕ ನಾನಿಲ್ಲಿಂದ ಏಳಲ್ಲ" ಎಂದು ಪಕ್ಕಕ್ಕಿದ್ದ ಒಂದು ಮೂಟೆಯ ಮೇಲೆ ಕೂತೇಬಿಡುತ್ತಾರೆ.

ಪಾಳಿಗೆ ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ದಿನವೂ ಪಕ್ಕದಲ್ಲೇ ಕೂತು ಹೊಲಿದವರಿಗೂ ಈ ಬೀಗ ಗೊತ್ತಿರಲಿಲ್ಲ. ಒಬ್ಬಾಕೆ ಮೂಟೆ ಸರಿಸಲು ಕೈಹಾಕುತ್ತಾಳೆ, ಆಮೇಲೆ ಎಲ್ಲರೂ. ಎಂಟೂವರೆಗೆ ಸುತ್ತಿಗೆ ಬರುತ್ತದೆ, ಬೀಗ ಬೀಳುತ್ತದೆ. ಒಂಬತ್ತಕ್ಕೆ ಸಂಸ್ಥೆಯ ಫೋನೂ ಬರುತ್ತದೆ. ಮುಂದಿನ ತಿಂಗಳಿಂದ ಇಲ್ಲಿಗೆ ಬೇರೆಯವರಂತೆ.

ಬೇಜಾರಾಯಿತೇ?

"ಆಗದೇ ಇರುತ್ತಾ? ಹೋಗ್ಲಿ ಬಿಡಿ. ಯಾರಾದ್ರೂ ಬರ್ಲಿ, ಬಾಗಿಲು ತಳ್ಳಿ ನೋಡೋರು ಬರ್ಲಿ."