ಖಾಲಿ ಜಾಗದಲ್ಲೊಂದು ಮಂಚ

ಬರುವ ರಾಕೆಟ್ಟನ್ನು ಆಕಾಶದಲ್ಲೇ ಹೊಡೆದುರುಳಿಸುವ ಕ್ಷಿಪಣಿ ಎಂದರೆ ಜನ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಮಝಲ್ ಮಾಡಿದ ಕೆಲಸ ಮಾತ್ರ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಯಾವ ರಾಕೆಟ್ಟನ್ನು ಹೊಡೆಯದೆ ಬಿಟ್ಟುಬಿಡಬೇಕು ಎಂದು ಯಂತ್ರಕ್ಕೆ ಕಲಿಸುವುದು ಅವಳ ಪಾಲಿಗೆ ಬಂದಿತ್ತು. ಊರ ಮೇಲೆ ಬೀಳುವುದಾದರೆ ಹೊಡಿ, ಹೊಲಕ್ಕಾದರೆ ಬಿಡು. ಎಲ್ಲದಕ್ಕೂ ಹಾರಿಸುತ್ತ ಕೂರಲು ಅಷ್ಟು ಕ್ಷಿಪಣಿ ಎಲ್ಲಿಂದ ತರುವುದು? ನೆಗೆವ್ ಮರಳುಗಾಡಿನ ಬಿಸಿಲಲ್ಲಿ ಈ ಒಂದೇ ಪಾಠ ಹೇಳಿ ಹೇಳಿ ಅವಳ ತಲೆ ನರೆಯಿತು. ಸಾಕಾಗಿ ಹೋಗಿತ್ತು ಅವಳಿಗೆ.

ಆ ಶುಕ್ರವಾರ ಮಧ್ಯಾಹ್ನ, ಗಾಜಾ ಗಡಿಯ ಹತ್ತಿರದ ಹಳ್ಳಿಯಲ್ಲಿದ್ದ ಅಣ್ಣ ಅಮ್ರಾಮನಿಗೆ ಖಾರದ ಮೀನು ಮಾಡಿ ಕೊಂಡುಹೋದಳು. ಮನೆಗೆ ಬೀಗ. ಹೊಲದ ನಡುವೆ, ದಪ್ಪಮೆಣಸಿನಕಾಯಿ ಡಬ್ಬಿಗೆ ತುಂಬುವ ತಗಡಿನ ಶೆಡ್ಡಿನಲ್ಲಿ ಅವನು ಸಿಕ್ಕ. ಮೂಲೆಯಲ್ಲಿ ಮಂಚ, ಹಾಸಿಗೆ.

"ಅಣ್ಣಾ, ಇಲ್ಲಿ ಮಲಗ್ತಿದ್ದೀಯಾ?"

"ನಿಮ್ಮತ್ತಿಗೆ ತೀರಿಹೋದ್ಮೇಲೆ ಆ ಮನೇಲಿ ನಿದ್ದೆ ಹತ್ತಲ್ಲ ಕಣೆ."

"ನಮ್ಮ ನಕ್ಷೇಲಿ ಇದು ಖಾಲಿ ಜಾಗ. ಇಲ್ಲಿಗೆ ಬರೋದನ್ನ ಯಾರೂ ತಡೆಯಲ್ಲ. ಇವತ್ತೇ ಮನೆಗೆ ನಡಿ."

"ಓಹೋ, ಇಂಜಿನಿಯರಮ್ಮಾ! ನಮ್ಮಣ್ಣ ಇಲ್ಲಿದ್ದಾನೆ ಅಂತ ನಿನ್ನ ಯಂತ್ರಕ್ಕೆ ಹೇಳು. ನಕ್ಷೇಲಿ ಒಂದು ಗೆರೆ ಎಳೆದ್ರೆ ನಿನ್ನ ಗಂಟೇನು ಹೋಗುತ್ತೆ?"

"ಎಲ್ಲರ ಅಣ್ಣಂದಿರಿಗೂ ಗೆರೆ ಎಳೀತಾ ಹೋದ್ರೆ ಊರು ಕಾಯೋಕೆ ಏನು ಉಳಿಯುತ್ತೆ?"

ಮೊಂಡ ಅವನು, ಕದಲುವವನಲ್ಲ.

ಅಷ್ಟರಲ್ಲಿ ಸೈರನ್ ಕೂಗಿತು. ಇಬ್ಬರೂ ಹೊರಗೆ ಓಡಿ ಬಂದರು. ಆಕಾಶದಲ್ಲಿ ಒಂದು ಕ್ಷಿಪಣಿಯೂ ಮೇಲೇಳಲಿಲ್ಲ.

"ಸದ್ಯ, ಸುಳ್ಳು ಸೈರನ್ನು. ಬಾ, ಮೀನು ಆರೋಗುತ್ತೆ," ಎಂದು ಅಮ್ರಾಮ್ ಒಳಗೆ ಹೊರಟ.

ಸೈರನ್ ಸುಳ್ಳಲ್ಲವೆಂದು ಮಝಲ್‌ಗೆ ಗೊತ್ತಿತ್ತು. ಏನೂ ಏಳಲಿಲ್ಲವೆಂದರೆ ರಾಕೆಟ್ಟು ಹೊಲಕ್ಕೇ ಬರುತ್ತಿದೆ. ಅವನ ಅಂಗಿ ಹಿಡಿದು ಹೊಲದ ಬದಿಯ ತಗ್ಗಿಗೆ ಎಳೆದುಕೊಂಡು ಬಿದ್ದಳು. ನೆಲ ನಡುಗಿತು. ಮೈಮೇಲೆಲ್ಲ ಮಣ್ಣು ಸುರಿಯಿತು. ತಲೆ ಎತ್ತಿ ನೋಡಿದರೆ ಮಂಚವಿದ್ದ ಮೂಲೆಯೇ ಇರಲಿಲ್ಲ.

"ನಿನ್ನ ಯಂತ್ರ ಕೆಟ್ಟೋಗಿತ್ತೇನೆ?" ಅಮ್ರಾಮ್ ಕೇಳಿದ.

"ಇಲ್ಲಣ್ಣ," ಎಂದ ಮಝಲ್‌ಗೆ ಅಳು ತಡೆಯಲಾಗಲಿಲ್ಲ. "ನಾನು ಕಲಿಸಿದ ಹಾಗೇ ಮಾಡ್ತು."

ಅವನು ಮೈಮೇಲಿನ ಮಣ್ಣು ಕೊಡವಿ, ಜೇಬಿನಿಂದ ಮನೆಯ ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟ.

"ನಡಿ, ಮನೆಗೆ. ಬಾಗಿಲು ನೀನೇ ತೆಗಿ."