ಸೋಲಾರ್ ಷೇರು ಮಾರಬೇಡಿ ಎಂದಿದ್ದೆ

2022ರಲ್ಲಿ ನಾನು ಹಾನಗಲ್ಲಿನಲ್ಲಿ ಒಂದು ಷೇರು ದಲ್ಲಾಳಿ ಕಚೇರಿ ನೋಡಿಕೊಳ್ಳುತ್ತಿದ್ದೆ, ಈಗಲೂ ನೋಡಿಕೊಳ್ಳುತ್ತೇನೆ. ಗೊಬ್ಬರದಂಗಡಿಯ ಮೇಲಿನ ಒಂದು ಕೋಣೆ, ಒಂದು ಕಂಪ್ಯೂಟರ್, ನಾನೊಬ್ಬ. ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯಿಂದಲೂ ಗಿರಾಕಿಗಳು ಬರುತ್ತಿದ್ದರು. ಖಾತೆ ತೆರೆಯುವುದು, ಅವರು ಹೇಳಿದ ಷೇರು ಕೊಳ್ಳುವುದು, ಮಾರುವುದು, ಕೇಳಿದರೆ ಔಟ್‌ಲುಕ್ ಹೇಳುವುದು ನನ್ನ ಕೆಲಸ. ಔಟ್‌ಲುಕ್ ಎಂದರೆ ಕಂಪನಿಯ ಮುಂದಿನ ದಿನಗಳು ಹೇಗಿರಬಹುದು ಎಂಬ ಅಂದಾಜು. ನನ್ನ ಅಂದಾಜುಗಳಲ್ಲಿ ಎಷ್ಟೋ ತಪ್ಪಿವೆ. ಅವು ನನ್ನನ್ನು ಅಷ್ಟಾಗಿ ಕಾಡಿಲ್ಲ. ಕಾಡುತ್ತಿರುವುದು ಸರಿಯಾಗಿ ಬಂದ ಒಂದು ಅಂದಾಜು. ಅದನ್ನು ನಂಬಿದ ಶಿವಪುತ್ರಪ್ಪ ಮಾವ, ಅಂದರೆ ನನ್ನ ಅಕ್ಕನ ಗಂಡ, ಈಗ ಇಲ್ಲ.

ಮಾವನದು ಹಂಸಭಾವಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುತ್ತಿದ್ದರು. ಮೊದಲ ಸಲ ನನ್ನ ಕಚೇರಿಗೆ ಬಂದಾಗ ಸುತ್ತಲೂ ನೋಡಿ ನಕ್ಕರು.

“ಏನಪಾ ಈರಣ್ಣ, ನಿನ್ನ ಅಂಗಡ್ಯಾಗ ತಕ್ಕಡಿ ಇಲ್ಲ, ಸರಕಿಲ್ಲ. ಏನ್ ಮಾರ್ತಿ, ಗಾಳಿ?”

“ಗಾಳಿ ಅಷ್ಟ ಅಲ್ರಿ ಮಾವ, ಬಿಸಿಲೂ ಮಾರ್ತೇನಿ. ಸೋಲಾರ್ ಕಂಪನಿ ಶೇರ್ ಅದಾವು.”

ಅವರು ಬಂದದ್ದೇ ಅದಕ್ಕೆ. “ತಿಳವಳ್ಳಿ ಕಡೆ ಹೋಗಿ ನೋಡು, ಹೊಲದಾಗ ಸೋಲಾರ್ ಪಂಪ್ ಕುಂತಾವು. ಮೋಟಾರ್ ಸುಡೋದ ಕಮ್ಮಿ ಆಗೇತಿ. ನನ್ನ ಅನ್ನ ತಿನ್ನೋ ಕಂಪನ್ಯಾಗ ನಂದೂ ಒಂದು ತುತ್ತು ಇರ್ಲಿ,” ಎಂದರು. ಉಳಿತಾಯದ ಬಹುಪಾಲು ಹಣ ಹಾಕಿ, ಸೋಲಾರ್ ಫಲಕ ತಯಾರಿಸುವ ಒಂದು ಕಂಪನಿಯ ಷೇರು ಕೊಂಡರು.

ಮರುವರ್ಷ ಆ ಷೇರಿನ ಬೆಲೆ ಬಿತ್ತು. ಹೊರದೇಶದ ಫಲಕಗಳು ಅಗ್ಗವಾಗಿದ್ದವು, ಕಂಪನಿಯ ಮೇಲೆ ಸಾಲವೂ ಇತ್ತು. ಅದೇ ಹೊತ್ತಿನಲ್ಲಿ ಮಾವನಿಗೆ ಎದೆನೋವು ಕಾಣಿಸಿಕೊಂಡು, ಹುಬ್ಬಳ್ಳಿಯ ವೈದ್ಯರು ಹೃದಯದ ರಕ್ತನಾಳ ಕಟ್ಟಿದೆ, ಸ್ಟೆಂಟ್ ಹಾಕಿಸಬೇಕು, ತಡ ಮಾಡಬೇಡಿ ಎಂದಿದ್ದರು. ಸಾಲ ಕೇಳುವ ಮನುಷ್ಯ ಅವರಲ್ಲ. ಷೇರು ಮಾರಿ ಹಣ ತರುತ್ತೇನೆ ಎಂದು ಅಕ್ಕನಿಗೆ ಹೇಳಿ ಹಾನಗಲ್ಲಿನ ಬಸ್ಸು ಹತ್ತಿದ್ದರು. ಈ ಕಾಯಿಲೆಯ ವಿಷಯ ನನಗೆ ಆಮೇಲೆ ತಿಳಿದದ್ದು. ಆ ದಿನ ನನಗೆ ಕಂಡದ್ದು ಮೆಟ್ಟಿಲು ಹತ್ತಿ ಬಂದು, ಬೆವರು ಒರೆಸಿಕೊಳ್ಳುತ್ತಾ ಕುಳಿತ ಮಾವ.

“ಏನ್ ಮಾವ, ವಯಸ್ಸಾತೇನ್ರಿ?”

“ನನಗಲ್ಲಪಾ, ನಿನ್ನ ಮೆಟ್ಟಲಿಗೆ ಆಗೇತಿ. ಹೋದ ವರ್ಷ ಇಷ್ಟ ಎತ್ತರ ಇರಲಿಲ್ಲ.” ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, “ಆ ಸೋಲಾರ್ ಎಲ್ಲಾ ಮಾರಿಬಿಡು,” ಎಂದರು.

ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹೋದ ಕೆಲಸ ಕೆಡುತ್ತದೆ ಎನ್ನುತ್ತಾರೆ. ನಾನು ಅದನ್ನೇ ಕಚೇರಿಯ ನಿಯಮ ಮಾಡಿಕೊಂಡಿದ್ದೆ. ಮಾರಲು ಬಂದವರ ಹಣ ಎಲ್ಲಿಗೋ ಹೊರಟಿರುತ್ತದೆ: ಮದುವೆ, ಕೋರ್ಟು, ಆಸ್ಪತ್ರೆ. ಏಕೆ ಎಂದು ಕೇಳುತ್ತಿರಲಿಲ್ಲ. ಈ ಮರ್ಯಾದೆಗೆ ಗಿರಾಕಿಗಳು ನನ್ನನ್ನು ಮೆಚ್ಚುತ್ತಿದ್ದರು. ಮಾವನನ್ನೂ ಕೇಳಲಿಲ್ಲ. ಕಂಪ್ಯೂಟರ್ ಕಡೆ ತಿರುಗಿದೆ.

ಕಂಪನಿಯ ಆರ್ಡರ್ ಬುಕ್, ಅಂದರೆ ಕೈಯಲ್ಲಿರುವ, ಇನ್ನೂ ಪೂರೈಸಬೇಕಾದ ಕೆಲಸ, ದೊಡ್ಡದಿತ್ತು. ಹೊಸ ಕಾರ್ಖಾನೆ ಶುರುವಾಗುವುದರಲ್ಲಿತ್ತು. ಅದು ನಡೆದರೆ ಸಾಲವೂ ಇಳಿಯುತ್ತಿತ್ತು. ಎಲ್ಲವನ್ನೂ ತೆರೆದು ತೋರಿಸಿದೆ. ಹೆಮ್ಮೆಯಿಂದಲೇ ತೋರಿಸಿದೆ ಎನ್ನಬೇಕು.

“ಈಗ ಮಾರಿದ್ರ ಲುಕ್ಸಾನ್ ರೀ ಮಾವ. ಆರು ತಿಂಗಳ ತಡೀರಿ. ಹಾಕಿದ್ದಕ್ಕಿಂತ ಮ್ಯಾಲ ಬರ್ತೇತಿ.”

“ಖರೇ?”

“ಖರೇನ ರೀ.”

ಅವರ ಮುಖ ಒಮ್ಮೆಲೇ ಹಗುರಾಯಿತು. “ಹಂಗಾರ ತಡೀತೇನಿ ಬಿಡು,” ಎಂದರು. ಹಣ ಉಳಿಯಿತೆಂಬ ಸಮಾಧಾನ ಅದು ಎಂದುಕೊಂಡೆ. ಚಹಾ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು.

ಎರಡು ತಿಂಗಳೂ ಕಳೆದಿರಲಿಲ್ಲ. ಅಂಗಡಿಯಲ್ಲಿ ತಂತಿ ಸುತ್ತುತ್ತಾ ಕುಳಿತಲ್ಲೇ ಕುಸಿದರು. ಹಾವೇರಿಗೆ ಒಯ್ಯುವ ದಾರಿಯಲ್ಲಿ ಉಸಿರು ನಿಂತಿತು. ಮಣ್ಣು ಮಾಡಿ ಬಂದ ಸಂಜೆ ಅಕ್ಕ ನನಗೆ ಹುಬ್ಬಳ್ಳಿಯ ವಿಷಯ ಹೇಳಿದಳು. “ನಿನ್ನ ಕಡೆಯಿಂದ ಬಂದವರ, ಈರಣ್ಣ ಆರು ತಿಂಗಳ ತಡೀರಿ ಅಂದಾನ ಅಂದ್ರು. ನಾ ಎಷ್ಟ ಹೇಳಿದ್ರೂ ಕೇಳಲಿಲ್ಲ,” ಎಂದಳು. ನಾನು ಗೋಡೆಗೆ ಒರಗಿ ಕುಳಿತೆ. ಯಾರೋ ನೀರು ತಂದುಕೊಟ್ಟರು.

ಷೇರು ಏರಿತು. ನಾನು ಹೇಳಿದ ಅವಧಿಯಲ್ಲೇ, ನಾನು ಹೇಳಿದ ಕಾರಣಗಳಿಗೇ ಏರಿತು. ಕಚೇರಿಯಲ್ಲಿ ಗಿರಾಕಿಗಳು ಬೆನ್ನು ತಟ್ಟಿದರು. ಆ ಬೆಲೆಯನ್ನು ದಿನವೂ ನೋಡುವುದು ನನ್ನ ಕೆಲಸವೇ ಆಗಿತ್ತು.

ಖಾತೆದಾರ ತೀರಿಕೊಂಡರೆ ಷೇರುಗಳನ್ನು ನಾಮಿನಿಯ ಖಾತೆಗೆ ವರ್ಗಾಯಿಸಬೇಕು. ಅದಕ್ಕೆ ಟ್ರಾನ್ಸ್‌ಮಿಷನ್ ಎನ್ನುತ್ತಾರೆ. ಅಕ್ಕನ ಹೆಸರಿಗೆ ನಾನೇ ಅದನ್ನು ಮಾಡಿಸಿದೆ. ಕೆಲವು ವಾರಗಳ ನಂತರ ಅವಳು ಕಚೇರಿಗೆ ಬಂದಳು.

“ಅವನ್ನ ಮಾರಿಬಿಡು.”

“ಯಾತಕ್ಕ ಬೇಕಾಗಿತ್ತು ಅಕ್ಕ, ರೊಕ್ಕ?”

ಅವಳು ನನ್ನನ್ನೇ ನೋಡಿದಳು. “ಈಗ ಕೇಳ್ತಿ,” ಎಂದಳು.

ಸೆರಗಿನಿಂದ ಮುಖ ಒರೆಸಿಕೊಂಡು ಅವಳೇ ಮುಂದುವರಿಸಿದಳು. “ನೀ ಒಬ್ಬನ ಮನಸಿಗೆ ಹಚಗೊಂಡು ಕೊರಗಬ್ಯಾಡ ತಮ್ಮಾ. ಆಪರೇಷನ್ ಅಂದ್ರ ಅವರಿಗೆ ಭಾಳ ಹೆದರಿಕಿ ಇತ್ತು. ತಪ್ಪಿಸ್ಕೊಳ್ಳಾಕ ಒಂದು ನೆಪ ಬೇಕಾಗಿತ್ತು. ನೀ ಕೊಟ್ಟಿ.”

ಸಮಾಧಾನ ಹೇಳಲೆಂದೇ ಅವಳು ಅದನ್ನು ಹೇಳಿದ್ದು. ಅವಳಿಗೆ ಹಣ ಬೇಕಿದ್ದದ್ದು ಅಂಗಡಿಯ ಬಾಕಿ ಬಾಡಿಗೆ ತೀರಿಸಿ ಬೀಗ ಹಾಕುವುದಕ್ಕೆ. ಮಾರಿಕೊಟ್ಟೆ. ಲಾಭವೇ ಬಂತು.

ಕಂಪನಿಗೆ ಆರು ತಿಂಗಳು ಸಮಯವಿದೆಯೇ ಎಂದು ನೋಡಲು ನಾನು ಕಲಿತಿದ್ದೆ. ಎದುರು ಕುಳಿತವರಿಗೆ ಅಷ್ಟು ಸಮಯವಿದೆಯೇ ಎಂದು ಮೊದಲು ಕೇಳಬೇಕು ಎಂಬುದನ್ನು ಈ ಕೆಲಸ ನನಗೆ ತೀರಾ ತಡವಾಗಿ ಕಲಿಸಿತು. ಈಗ ಮಾರಲು ಬಂದ ಪ್ರತಿಯೊಬ್ಬರನ್ನೂ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಮೊನ್ನೆ ಸವಣೂರಿನ ವೀಳ್ಯದೆಲೆ ವ್ಯಾಪಾರಿಯೊಬ್ಬರು, “ನೀವೇನ್ ಪೊಲೀಸ್ರೇನ್ರಿ? ನನ್ನ ರೊಕ್ಕ, ನಾ ಏನರ ಮಾಡ್ಕೋತೇನಿ,” ಎಂದು ದಬಾಯಿಸಿದರು. “ಹೌದ್ರಿ, ನಿಮ್ಮದ. ಆದ್ರೂ ಹೇಳ್ರಿ,” ಎಂದೆ. ಅವರು ಹೇಳುವವರೆಗೆ ಕಂಪ್ಯೂಟರ್ ಕಡೆ ತಿರುಗಲಿಲ್ಲ.