ಹಾಳೆಗೆ ಬಿದ್ದ ಆಶೀರ್ವಾದದ ನೀರು

ಮಣಿಪಾಲದ ಲ್ಯಾಬಿನಲ್ಲಿ ನಾನು ಪ್ಲಾಸ್ಟಿಕ್ ಹಾಳೆ ಮಾಡುತ್ತಿದ್ದೆ. ದ್ರಾವಣವನ್ನು ಗಾಜಿನ ತಟ್ಟೆಗೆ ಸುರಿದು, ಒಣಗಿದ ಮೇಲೆ ದೋಸೆ ಎಬ್ಬಿಸುವ ಹಾಗೆ ಮೆಲ್ಲಗೆ ಎಬ್ಬಿಸಬೇಕು. ಆ ಹಾಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಅಯಾನುಗಳ, ಅಂದರೆ ವಿದ್ಯುದಾವೇಶವಿರುವ ಕಣಗಳ ಕಿರಣ ಹಾಯಿಸಿದರೆ ಒಳಗಿನ ಅಣುಗಳ ಸರಪಳಿಗಳು ಮುರಿದು, ಇಂಗಾಲ ಒಟ್ಟಾಗಿ, ಹರಿಯಲು ದಾರಿಯಾಗುತ್ತದೆ ಎಂದು ತೋರಿಸುವುದೇ ನನ್ನ ಪಿಎಚ್‌ಡಿ. ಕಿರಣದ ಯಂತ್ರ ಇದ್ದದ್ದು ದೂರದ ಊರಿನಲ್ಲಿ. ನಮ್ಮ ಸರದಿಗೆ ಕಾದು ಕಾದು ನಾನು ಸೋತು ಸುಣ್ಣವಾಗಿದ್ದೆ.

ಹೊರಡುವ ಹಿಂದಿನ ದಿನ ಹಾಳೆಗಳ ಡಬ್ಬಿ ಹಿಡಿದು ಕಾಪುವಿನ ನಮ್ಮ ಮನೆಗೆ ಹೋದೆ. ಮರುದಿನ ಉಡುಪಿಯಿಂದ ರೈಲು ಹತ್ತಿದೆ.

ಕಿರಣ ಬಿದ್ದ ಹಾಳೆಗಳು ಕಂದು ಬಣ್ಣಕ್ಕೆ ತಿರುಗಿದವು. ಲ್ಯಾಬಿಗೆ ಮರಳಿ ಮೀಟರ್ ಹಚ್ಚಿದಾಗ ವಿದ್ಯುತ್ ಹರಿಯಿತು. ನಾನು ಕುಣಿಯುವುದೊಂದು ಬಾಕಿ. ಆಮೇಲೆ, ಹೋಲಿಕೆಗೆಂದು ಕಿರಣಕ್ಕೆ ಒಡ್ಡದೆ ಅದೇ ಡಬ್ಬಿಯಲ್ಲಿ ಉಳಿಸಿದ್ದ ಹಾಳೆಗೂ ಹಚ್ಚಿದೆ. ಅದರಲ್ಲೂ ಹರಿಯಿತು. ಕಿರಣ ಕಾಣದ ಹಾಳೆಯೂ ಹರಿಸುವುದಾದರೆ ಕಿರಣ ಮಾಡಿದ್ದಾದರೂ ಏನು? ಗೈಡ್ ಬೈಯಲಿಲ್ಲ, ಹೀಗಾದರೆ ಏನನ್ನೂ ಬರೆಯುವ ಹಾಗಿಲ್ಲ ಎಂದರಷ್ಟೆ. ಬೈದಿದ್ದರೇ ವಾಸಿಯಿತ್ತು.

ಭಾನುವಾರ ಮುಖ ಊದಿಸಿಕೊಂಡು ಮನೆಗೆ ಹೋಗಿ ಅಮ್ಮನ ಮುಂದೆ ಎಲ್ಲ ಹೇಳಿಕೊಂಡೆ. ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಪಕ್ಕ ಬಂದು ಕುಳಿತರು.

"ಬಾಯೆ, ಮಗಳೇ, ಆ ಡಬ್ಬಿ ನಾನು ತೆರೆದಿದ್ದೆ. ಇಗರ್ಜಿಯ ನೀರು ಉಂಟಲ್ವಾ, ಸ್ವಲ್ಪ ಚಿಮುಕಿಸಿದೆ."

ಪ್ರಯಾಣ ಹೊರಟವರ ತಲೆಗೂ ಚೀಲಕ್ಕೂ ಚರ್ಚಿನಲ್ಲಿ ಪಾದ್ರಿ ಆಶೀರ್ವದಿಸಿದ ನೀರು ಹಾಕುವುದು ನಮ್ಮ ಮನೆಯ ರೂಢಿ. ಆ ಸಲದ ಬಾಟಲಿ ಕಾರ್ಕಳ ಕಡೆಯ ಇಗರ್ಜಿಯದು. ಹಳೆಯ ಪದ್ಧತಿಯಂತೆ ಆ ನೀರಿಗೆ ಉಪ್ಪು ಬೆರೆಸಿರುತ್ತಾರೆ. ಹಾಳೆಯ ಮೇಲೆ ಒಣಗಿ ಉಳಿದ ಉಪ್ಪು ಮಳೆಗಾಲದ ಥಂಡಿ ಹೀರಿದರೆ ಸಾಕು, ವಿದ್ಯುತ್ ಹರಿಯುತ್ತದೆ. ನನಗೆ ಕೋಪ ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಅನ್ನುತ್ತಿರುವಾಗಲೇ ಹೊಳೆಯಿತು: ಮೇಲಿನ ಉಪ್ಪು ತೊಳೆದರೆ ಹೋಗುತ್ತದೆ, ಕಿರಣ ಮಾಡಿದ್ದು ಹೋಗುವುದಿಲ್ಲ.

ಸೋಮವಾರ ಎರಡೂ ಬಗೆಯ ಹಾಳೆಗಳನ್ನು ಶುದ್ಧ ನೀರಿನಲ್ಲಿ ತೊಳೆದು, ಒಳಗಿನ ಗಾಳಿ ತೆಗೆದ ಲ್ಯಾಬಿನ ಒಲೆಯಲ್ಲಿ ಒಣಗಿಸಿದೆ. ಮೀಟರ್ ಹಚ್ಚಿದರೂ ಕಿರಣ ಕಾಣದ ಹಾಳೆ ಸತ್ತಂತೆ ಬಿದ್ದಿತ್ತು, ಏನೂ ಹರಿಯಲಿಲ್ಲ. ಕಂದು ಹಾಳೆಗೆ ತಂತಿ ತಾಗಿಸಿದೆ. ಹರಿಯಿತು. ಮೊದಲಿಗಿಂತ ತುಸು ಕಡಿಮೆ, ಆದರೆ ಅದು ಕಿರಣದ್ದೇ. ಗೈಡ್ ಮತ್ತೊಮ್ಮೆ ಅಳೆದು ನೋಡಿ, ಇನ್ನು ಬರೆ ಎಂದರು. ಹೊರಗೆ ಬಂದು ಅತ್ತುಬಿಟ್ಟೆ.

ಮತ್ತೆ ಸರದಿ ಬಂದಾಗ ಡಬ್ಬಿಗೆ ಸುತ್ತಲೂ ಟೇಪು ಹಚ್ಚಿಕೊಂಡೇ ಮನೆಗೆ ಹೋದೆ. ಹೊರಡುವಾಗ ಅಮ್ಮ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು, ಹತ್ತಿರ ಬರಲಿಲ್ಲ.

"ಡಬ್ಬಿಗೆ ಬೇಡ. ನಿನಗೆ ಹಾಕಬಹುದಲ್ವಾ?"

ಡಬ್ಬಿಯನ್ನು ದೂರ ಇಟ್ಟು ಬಂದು, ಅವರ ಮುಂದೆ ತಲೆ ಬಗ್ಗಿಸಿದೆ.